ಮನೆಗೆ ಪೂರ್ತಿ ರೀವೈರಿಂಗ್ ಬೇಕೇ? ಒಂದು ಹಳೇ ಮನೆಯ ಸರ್ಕ್ಯೂಟ್‌ವಾರು ತಪಾಸಣೆ

ಮೈಸೂರಿನ ಎರಡು ಅಂತಸ್ತಿನ ಮನೆ. ಕೆಳಮನೆ 1970ರ ದಶಕದ ಕೊನೆಯಲ್ಲಿ ಕಟ್ಟಿದ್ದು, ಮೇಲ್ಮನೆ 1990ರ ದಶಕದಲ್ಲಿ ಏರಿಸಿದ್ದು, ಹಿಂದುಗಡೆ ಬೆಳೆಸಿದ ಅಡುಗೆಮನೆ ಅದಕ್ಕೂ ಈಚಿನದು. ದೂರುಗಳು ನಾಲ್ಕು. ಗೀಸರ್ ಪ್ಲಗ್ ಮುಟ್ಟಿದರೆ ಬಿಸಿ. ಇಸ್ತ್ರಿಪೆಟ್ಟಿಗೆ ಹಾಕಿದರೆ ಹಾಲಿನ ದೀಪ ಮಂಕಾಗುತ್ತದೆ. ಮಳೆ ಹಿಡಿದರೆ ಅಡುಗೆಮನೆ ಫ್ಯೂಸ್ ಹೋಗುತ್ತದೆ. ಫ್ರಿಜ್ ಬಾಗಿಲಿಗೆ ಬರಿಗಾಲಲ್ಲಿ ಕೈಯಿಟ್ಟರೆ ಜುಮ್ಮೆನ್ನುತ್ತದೆ. ನೋಡಲು ಬಂದವರೆಲ್ಲ ಹೇಳಿದ್ದು ಒಂದೇ ಮಾತು: ಹಳೇ ವೈರು, ಎಲ್ಲಾ ಕಿತ್ತು ಹೊಸದು ಎಳೀಬೇಕು.

ಎಲ್ಲಾ ಕೀಳಬೇಕೋ ಬೇಡವೋ ಎಂಬುದು ಮೀಟರ್ ಬೋರ್ಡಿನ ಮುಂದೆ ನಿಂತು ಹೇಳುವ ಮಾತಲ್ಲ. ರೀವೈರಿಂಗ್ ಎಂಬ ಒಂದೇ ಹೆಸರಿನ ಕೆಳಗೆ ಮೂರು ಬೇರೆ ಬೇರೆ ಕೆಲಸಗಳಿವೆ. ಮೊದಲನೆಯದು, ವೈರು ಹಾಗೇ ಇಟ್ಟು ಡಿಬಿ (ಕರೆಂಟನ್ನು ಸರ್ಕ್ಯೂಟುಗಳಿಗೆ ಹಂಚುವ ಪೆಟ್ಟಿಗೆ), ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್), ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್), ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕಿಳಿಸುವ ದಾರಿ) ಮಾತ್ರ ಹೊಸದು ಮಾಡುವುದು. ಎರಡನೆಯದು, ಗೋಡೆಯೊಳಗಿರುವ ಪೈಪಿನಲ್ಲೇ ಹಳೇ ವೈರು ತೆಗೆದು ಹೊಸದು ಎಳೆಯುವುದು. ಮೂರನೆಯದು, ಗೋಡೆ ಕೊರೆದು ಹೊಸ ಪೈಪು ಕೂರಿಸುವುದು. ಹಣ ಹರಿದುಹೋಗುವುದು ಮೂರನೆಯದರಲ್ಲಿ, ಅದೂ ವೈರಿಗಲ್ಲ; ಗಾರೆ, ಪುಟ್ಟಿ, ಬಣ್ಣಕ್ಕೆ. ಹಾಗಾಗಿ ಇಡೀ ಮನೆಗೆ ಒಂದೇ ತೀರ್ಪು ಕೊಡದೆ ಒಂದೊಂದು ಸರ್ಕ್ಯೂಟಿಗೆ, ಒಂದೊಂದು ಪೈಪಿಗೆ ಬೇರೆ ಬೇರೆ ತೀರ್ಪು ಕೊಡಬೇಕು. ಈ ಮನೆಯಲ್ಲಿ ಹಾಗೇ ಮಾಡಿದ್ದು ಇಲ್ಲಿದೆ.

ಶುರು ಮಾಡುವ ಮುಂಚೆ

ಮೈನ್ ಇಳಿಸಿದರೂ ಮೀಟರಿನಿಂದ ಮೈನ್‌ವರೆಗಿನ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಸೀಲ್ ಹಾಕಿದ ಕಟೌಟ್ (ಕಂಪನಿಯ ಫ್ಯೂಸ್) ಮತ್ತು ಮೀಟರಿಗೆ ಕೈಹಾಕುವಂತಿಲ್ಲ, ಅದು ವಿದ್ಯುತ್ ಕಂಪನಿಯವರ ಕೆಲಸ. ಇನ್ವರ್ಟರ್ ಇದ್ದರೆ ಅದನ್ನು ಆಫ್ ಮಾಡಿ, ಔಟ್‌ಪುಟ್ ವೈರನ್ನೂ ಬಿಡಿಸಿಡಬೇಕು. ಇಲ್ಲವಾದರೆ ಮೈನ್ ಇಳಿಸಿದ ಕ್ಷಣವೇ ಅದು ಅದೇ ವೈರಿಗೆ 230 ವೋಲ್ಟ್ ತುಂಬುತ್ತದೆ. ನಿಯಾನ್ ಟೆಸ್ಟರ್ ಉರಿಯಲಿಲ್ಲವೆಂದು ಕರೆಂಟ್ ಇಲ್ಲ ಎಂದು ನಂಬಬಾರದು. ಮಲ್ಟಿಮೀಟರನ್ನು ಮೊದಲು ಕರೆಂಟ್ ಇರುವ ಸಾಕೆಟ್‌ನಲ್ಲಿ ನೋಡಿ, ಆಮೇಲೆ ಕೆಲಸ ಮಾಡುವ ಜಾಗದಲ್ಲಿ ನೋಡಿ, ಮತ್ತೆ ಮೊದಲಿನ ಸಾಕೆಟ್‌ನಲ್ಲಿ ನೋಡಿ ಮೀಟರ್ ಸರಿಯಿದೆ ಎಂದು ಖಾತ್ರಿ ಮಾಡಿಕೊಳ್ಳಬೇಕು. ಬೋರ್ಡ್ ಬಿಚ್ಚುವುದು, ಮೆಗ್ಗರ್ (ವೈರಿನ ಹೊದಿಕೆ ಕರೆಂಟ್ ಸೋರಲು ಬಿಡುತ್ತದೆಯೇ ಎಂದು ಅಳೆಯುವ ಮೀಟರ್) ಹಾಕುವುದು ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಮಾಡಬೇಕಾದ ಕೆಲಸ. ಮನೆಯವರು ಪಕ್ಕದಲ್ಲಿ ನಿಂತು ಪ್ರತಿ ಸರ್ಕ್ಯೂಟಿನ ಅಂಕಿ ಬರೆಸಿಕೊಳ್ಳಬೇಕು. ಅಂಕಿ ಕೊಡದೆ ಬರೀ ಅಭಿಪ್ರಾಯ ಕೊಡುವವರ ಎಸ್ಟಿಮೇಟ್ ಒಪ್ಪಬೇಕಿಲ್ಲ.

ಬೇಕಾದ ಸಾಮಾನು: 500 ವೋಲ್ಟಿನ ಮೆಗ್ಗರ್, ಮಲ್ಟಿಮೀಟರ್, ಕ್ಲ್ಯಾಂಪ್ ಮೀಟರ್, 2000 ವ್ಯಾಟಿನ ರೂಮ್ ಹೀಟರ್ ಒಂದು, ವೈರ್ ಎಳೆಯುವ ಸ್ಪ್ರಿಂಗ್, ಟಾರ್ಚ್, ಗುರುತು ಹಾಕಲು ಕಾಗದದ ಟೇಪು.

ವೈರಿನ ಜಾತಿ

ಪ್ರತಿ ಸ್ವಿಚ್ ಬೋರ್ಡ್ ಬಿಚ್ಚಿ ನೋಡಬೇಕು, ಒಂದೆರಡಲ್ಲ. ಹಳೇ ಮನೆಯಲ್ಲಿ ಒಂದೊಂದು ಕೋಣೆಗೆ ಒಂದೊಂದು ಕಾಲದ ವೈರು ಇರುವುದು ಮಾಮೂಲು.

ರಬ್ಬರ್ ಹೊದಿಕೆ, ಅದರ ಮೇಲೆ ಬಟ್ಟೆ ಹೆಣೆದದ್ದು, ಒಳಗೆ ಬೆಳ್ಳಗೆ ಕಲಾಯಿ ಮಾಡಿದ ತಾಮ್ರ ಕಂಡರೆ ಬೇರೆ ಪರೀಕ್ಷೆ ಬೇಕಿಲ್ಲ. ರಬ್ಬರಿನಲ್ಲಿರುವ ಗಂಧಕ ತಾಮ್ರವನ್ನು ತಿನ್ನದಿರಲಿ ಎಂದು ಆಗ ಕಲಾಯಿ ಹಾಕುತ್ತಿದ್ದರು. ಆ ರಬ್ಬರ್ ಒಣಗಿ ಗಡುಸಾಗಿ, ಮುಟ್ಟದಿದ್ದರೆ ನಿಂತಿರುತ್ತದೆ, ಬಗ್ಗಿಸಿದರೆ ಉದುರುತ್ತದೆ. ಮಲೆನಾಡು, ಕರಾವಳಿಯ ಹೆಂಚಿನ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಕ್ಲಿಪ್ ಹೊಡೆದು ಓಡಿಸಿದ ರಬ್ಬರ್ ವೈರು ಅಟ್ಟದ ಮೇಲೆ ಇನ್ನೂ ಸಿಗುತ್ತದೆ. ಅದನ್ನು ಪೂರ್ತಿ ತೆಗೆಯಲೇಬೇಕು. ಸಮಾಧಾನದ ಸಂಗತಿಯೆಂದರೆ ಅದು ಗೋಡೆಯ ಮೇಲೆ ಇರುವುದರಿಂದ ಏನೂ ಒಡೆಯಬೇಕಾಗಿಲ್ಲ.

ಪಿವಿಸಿ ಹೊದಿಕೆಯ ಅಲ್ಯೂಮಿನಿಯಂ ಒಂಟಿ ತಂತಿ ಇದ್ದರೆ ಅದು ತಾಮ್ರದ ಅಭಾವದ ಕಾಲದ್ದು. 1/1.40 ಎಂದರೆ 1.40 ಮಿಮೀ ದಪ್ಪದ ಒಂದು ತಂತಿ, ಅಂದರೆ 1.5 ಚದರ ಮಿಮೀ. 1/1.80 ಎಂದರೆ 2.5 ಚದರ ಮಿಮೀ. ಹಳೇ ತಾಮ್ರದ ವೈರಿನ ಲೆಕ್ಕ ಬೇರೆ: 3/22 ಎಂದರೆ 22 ಗೇಜಿನ ಮೂರು ಎಳೆ, ಸುಮಾರು 1.2 ಚದರ ಮಿಮೀ; 3/20 ಸುಮಾರು 2 ಚದರ ಮಿಮೀ; 7/20 ಸುಮಾರು 4.6 ಚದರ ಮಿಮೀ. ಈಗಿನ ವೈರಿನಲ್ಲಿ 0.3 ಮಿಮೀ ಎಳೆಗಳನ್ನು ಎಣಿಸಿದರೆ ಸಾಕು: 22 ಎಳೆ ಇದ್ದರೆ 1.5, 36 ಇದ್ದರೆ 2.5, 56 ಇದ್ದರೆ 4 ಚದರ ಮಿಮೀ.

ಈ ಮನೆಯಲ್ಲಿ ಕಂಡದ್ದು: ಕೆಳಮನೆ ಪೂರ್ತಿ ಅಲ್ಯೂಮಿನಿಯಂ, ದೀಪಕ್ಕೆ 1/1.40, ಪವರ್ ಪಾಯಿಂಟಿಗೆ 1/1.80, ಮುಕ್ಕಾಲು ಇಂಚಿನ ಕಬ್ಬಿಣದ ಪೈಪಿನಲ್ಲಿ. ಮೇಲ್ಮನೆ ತಾಮ್ರ, ದೀಪಕ್ಕೆ 1.5, ಪವರ್‌ಗೆ 2.5, ಪಿವಿಸಿ ಪೈಪಿನಲ್ಲಿ, ಪವರ್ ಪಾಯಿಂಟ್‌ಗಳಿಗೆ ಹಸಿರು ಅರ್ಥ್ ವೈರು ಸಮೇತ. ಹಿಂದುಗಡೆಯ ಅಡುಗೆಮನೆಯಲ್ಲಿ ಕೇಸಿಂಗ್ ಕ್ಯಾಪಿಂಗ್ (ಗೋಡೆಯ ಮೇಲೆ ಕೂರಿಸುವ ಮುಚ್ಚಳದ ಪಟ್ಟಿ) ಒಳಗೆ 1 ಚದರ ಮಿಮೀ ವೈರು, ಅದರ ತುದಿಯಲ್ಲಿ ಇಂಡಕ್ಷನ್ ಒಲೆಗೆಂದು 16 ಆಂಪಿನ ಸಾಕೆಟ್! ಮೂರರಲ್ಲಿ ಹೆಚ್ಚು ಅಪಾಯದ್ದು ಹಳೆಯ ವೈರಲ್ಲ, ಎಲ್ಲಕ್ಕಿಂತ ಹೊಸದಾದ ಇದು. ವಯಸ್ಸು ನೋಡಿ ತೀರ್ಪು ಕೊಡಬಾರದು ಎನ್ನುವುದು ಇದಕ್ಕೇ.

ಮೈನ್ ಐರನ್ ಕ್ಲಾಡ್ (ಕಬ್ಬಿಣದ ಪೆಟ್ಟಿಗೆಯ) ಸ್ವಿಚ್. ಫೇಸ್, ನ್ಯೂಟ್ರಲ್ ಎರಡಕ್ಕೂ ಪಿಂಗಾಣಿ ಕಿಟ್‌ಕ್ಯಾಟ್ (ಕಳಚಿ ತಂತಿ ಹಾಕುವ ಫ್ಯೂಸ್). ನ್ಯೂಟ್ರಲ್‌ನಲ್ಲಿ ಫ್ಯೂಸ್ ಇರಲೇಬಾರದು. ಅದು ಹೋದರೆ ದೀಪ ಆರುತ್ತದೆ, ಫ್ಯಾನ್ ನಿಲ್ಲುತ್ತದೆ, ಆದರೆ ಫೇಸ್ ಹೋಲ್ಡರ್‌ವರೆಗೂ ಇದ್ದೇ ಇರುತ್ತದೆ. ಕರೆಂಟ್ ಇಲ್ಲವೆಂದು ಕೈಹಾಕಿದವರಿಗೆ ಶಾಕ್ ಖಂಡಿತ. ಎರಡು ಕಿಟ್‌ಕ್ಯಾಟ್‌ನಲ್ಲಿ ಫ್ಯೂಸ್ ತಂತಿಯ ಬದಲು ಫ್ಲೆಕ್ಸಿಬಲ್ ವೈರಿನ ಎಳೆಗಳನ್ನು ತಿರುಚಿ ಹಾಕಿದ್ದರು. ಅಲ್ಲಿಗೆ ಫ್ಯೂಸ್ ಇದ್ದೂ ಇಲ್ಲದ ಹಾಗೆ.

ಮೆಗ್ಗರ್ ಹೇಳುವುದು, ಹೇಳದಿರುವುದು

ಮೆಗ್ಗರ್ ಹಾಕುವ ಮುಂಚೆ ಎಲ್ಲಾ ಬಲ್ಬು, ಟ್ಯೂಬ್‌ಲೈಟ್ ತೆಗೆಯಬೇಕು. ಟಿವಿ, ಫ್ರಿಜ್, ಮಿಕ್ಸಿ, ಚಾರ್ಜರ್ ಎಲ್ಲದರ ಪ್ಲಗ್ ಕೀಳಬೇಕು. ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್, ಸೀಲಿಂಗಿನ ಎಲ್‌ಇಡಿ ಪ್ಯಾನೆಲ್, ಕಾಲಿಂಗ್ ಬೆಲ್ ಬಿಡಿಸಬೇಕು. 500 ವೋಲ್ಟ್ ಡಿಸಿ ಅವುಗಳನ್ನು ಸುಡುತ್ತದೆ, ಇಲ್ಲವೇ ತಪ್ಪು ಅಂಕಿ ತೋರಿಸುತ್ತದೆ. ಆಮೇಲೆ ಎಲ್ಲಾ ಸ್ವಿಚ್ ಆನ್. ಸ್ವಿಚ್ ಆಫ್ ಇದ್ದರೆ ಅದರಿಂದಾಚೆಯ ವೈರು ಪರೀಕ್ಷೆಗೆ ಸಿಗುವುದೇ ಇಲ್ಲ. ಅವಸರದ ತಪಾಸಣೆಯಲ್ಲಿ ಹೆಚ್ಚಾಗಿ ತಪ್ಪುವುದು ಇಲ್ಲೇ. ಮೊದಲು ಫೇಸ್-ನ್ಯೂಟ್ರಲ್ ಒಟ್ಟು ಸೇರಿಸಿ ಅರ್ಥ್‌ಗೆ, ಆಮೇಲೆ ಫೇಸ್‌ನಿಂದ ನ್ಯೂಟ್ರಲ್‌ಗೆ, ಒಂದೊಂದು ನಿಮಿಷ.

ಮನೆ ವೈರಿಂಗಿಗೆ ಹಳೇ ಲೆಕ್ಕ ಇಂದಿಗೂ ಉಪಯೋಗಕ್ಕೆ ಬರುತ್ತದೆ: 50ನ್ನು ಆ ಸರ್ಕ್ಯೂಟಿನ ಪಾಯಿಂಟುಗಳ (ದೀಪ, ಫ್ಯಾನ್, ಸಾಕೆಟ್) ಸಂಖ್ಯೆಯಿಂದ ಭಾಗಿಸಿದರೆ ಬರುವಷ್ಟು ಮೆಗಾಓಮ್ ಆದರೂ ಇರಬೇಕು. 14 ಪಾಯಿಂಟಿದ್ದರೆ 3.6. ಇಡೀ ಮನೆಯನ್ನು ಒಟ್ಟಿಗೆ ನೋಡಿದಾಗ 1 ಮೆಗಾಓಮಿಗಿಂತ ಕಡಿಮೆ ಬರಬಾರದು. ಸಾಧ್ಯವಿದ್ದರೆ ಈ ಪರೀಕ್ಷೆಯನ್ನು ಆಷಾಢ, ಶ್ರಾವಣದ ಮಳೆಯಲ್ಲಿ ಮಾಡಿಸಬೇಕು. ಏಪ್ರಿಲ್‌ನ ಒಣ ಗೋಡೆಯಲ್ಲಿ ಎಂಥ ವೈರೂ ಪಾಸಾಗುತ್ತದೆ.

ಬಂದ ಅಂಕಿಗಳು, ಮೆಗಾಓಮಿನಲ್ಲಿ: ಕೆಳಮನೆ ಹಾಲ್ ದೀಪ 38, ಮಲಗುವ ಕೋಣೆಗಳು 22, ಕೆಳಗಿನ ಪವರ್ 15, ಅಡುಗೆಮನೆ 0.08, ಮೇಲಿನ ದೀಪ 150, ಮೇಲಿನ ಪವರ್ 200ಕ್ಕೂ ಮೇಲೆ.

ಇದಷ್ಟನ್ನೇ ನೋಡಿದರೆ ಅಡುಗೆಮನೆಯ ವೈರು ಪೂರ್ತಿ ಹೋಗಿದೆ, ಉಳಿದದ್ದೆಲ್ಲ ಚೆನ್ನಾಗಿದೆ ಅನಿಸುತ್ತದೆ. ಎರಡೂ ತಪ್ಪು.

ಅಡುಗೆಮನೆಯ ಸರ್ಕ್ಯೂಟನ್ನು ನಡುವಿನ ಬೋರ್ಡಿನಲ್ಲಿ ಬಿಡಿಸಿ ಎರಡು ಭಾಗ ಮಾಡಿದಾಗ ಮೀಟರ್ ಕಡೆಯ ಅರ್ಧ 11 ತೋರಿಸಿತು, ಆಚೆಯ ಅರ್ಧ 0.08ರಲ್ಲೇ ನಿಂತಿತು. ಆಚೆಯ ಅರ್ಧವನ್ನು ಮತ್ತೆ ಒಡೆದು ನೋಡುತ್ತ ಹೋದರೆ ಕೊನೆಗೆ ಸಿಕ್ಕಿದ್ದು ಬಟ್ಟೆ ಒಗೆಯುವ ಕಲ್ಲಿನ ಮೇಲಿನ ದೀಪ. ಗೋಡೆಯ ಹೊರಮೈಯಲ್ಲಿ ಮರದ ರೌಂಡ್ ಬ್ಲಾಕು, ಅದರ ಹಿಂದೆ ಪೈಪಿನ ಬಾಯಿ ಮೇಲ್ಮುಖವಾಗಿ ತೆರೆದುಕೊಂಡಿತ್ತು. ಮಳೆನೀರು ನೇರ ಒಳಗಿಳಿದು ಹೋಲ್ಡರಿನ ಸ್ಕ್ರೂ ಸುತ್ತ ಹಸಿರು ಕಿಲುಬು ಕಟ್ಟಿತ್ತು. ಬ್ಲಾಕು ನೆನೆದು ಬೆರಳಲ್ಲಿ ಒತ್ತಿದರೆ ತಗ್ಗು ಬೀಳುತ್ತಿತ್ತು. ಆ ಒಂದು ದೀಪ ಬಿಡಿಸಿದ ಕೂಡಲೇ ಇಡೀ ಸರ್ಕ್ಯೂಟ್ 9 ಮೆಗಾಓಮಿಗೆ ಏರಿತು. ಮಳೆಗಾಲದ ಫ್ಯೂಸಿಗೆ ಕಾರಣ ಇಷ್ಟೇ. ಮೆಗ್ಗರ್ ಕಡಿಮೆ ತೋರಿಸಿತೆಂದು ವೈರು ಬದಲಿಸಲು ಹೊರಡುವ ಮುಂಚೆ ಹೀಗೆ ಅರ್ಧರ್ಧ ಮಾಡಿ ಹುಡುಕಬೇಕು. ಹತ್ತರಲ್ಲಿ ಬಹುಪಾಲು ಸಲ ತಪ್ಪು ಒಂದು ಹೋಲ್ಡರಿನಲ್ಲೋ, ಒದ್ದೆ ಬಾಕ್ಸಿನಲ್ಲೋ, ಸಂಪಿನ ಮೋಟರಿನ ಕೇಬಲ್ಲಿನಲ್ಲೋ ಸಿಗುತ್ತದೆ.

ಇನ್ನು ಕೆಳಗಿನ ಪವರ್. 15 ಮೆಗಾಓಮ್ ಒಳ್ಳೆಯ ಅಂಕಿಯೇ. ಆದರೆ ಮೆಗ್ಗರ್ ನೋಡುವುದು ಹೊದಿಕೆಯನ್ನು. ಒಳಗಿನ ತಂತಿ ಅರ್ಧ ತುಂಡಾಗಿದ್ದರೂ, ಜಾಯಿಂಟ್ ಸಡಿಲವಾಗಿದ್ದರೂ ಅದಕ್ಕೆ ಕಾಣುವುದಿಲ್ಲ.

ಲೋಡ್ ಹಾಕಿ ವೋಲ್ಟೇಜ್ ನೋಡುವುದು

ಇದು ಬಲು ಸುಲಭದ ಪರೀಕ್ಷೆ, ಮಾಡುವವರು ಮಾತ್ರ ಕಡಿಮೆ. 16 ಆಂಪಿನ ಸಾಕೆಟ್ಟಿಗೆ 2000 ವ್ಯಾಟಿನ ಹೀಟರ್ ಹಾಕಿ, ಅದೇ ಬೋರ್ಡಿನ ಪಕ್ಕದ ಸಾಕೆಟ್‌ನಲ್ಲಿ ವೋಲ್ಟೇಜ್ ನೋಡುವುದು. ಅದೇ ಹೊತ್ತಿಗೆ ಇನ್ನೊಬ್ಬರು ಮೈನ್ ಹತ್ತಿರ ನೋಡುವುದು. ಎರಡರ ವ್ಯತ್ಯಾಸವೇ ದಾರಿಯಲ್ಲಿ ಕಳೆದುಹೋದದ್ದು.

ಗೀಸರ್ ಪಾಯಿಂಟಿನಲ್ಲಿ ಮೈನ್ ಹತ್ತಿರ 226, ಸಾಕೆಟ್‌ನಲ್ಲಿ 214. ಹೋದದ್ದು 12 ವೋಲ್ಟ್. ಹೋಗಬೇಕಾದದ್ದೆಷ್ಟು? 2.5 ಚದರ ಮಿಮೀ ಅಲ್ಯೂಮಿನಿಯಂಗೆ ಕಿಲೋಮೀಟರಿಗೆ 12.1 ಓಮ್. ದೂರ 15 ಮೀಟರ್, ಹೋಗಿ ಬರುವುದು 30 ಮೀಟರ್, ಅಲ್ಲಿಗೆ 0.36 ಓಮ್. 214 ವೋಲ್ಟಿನಲ್ಲಿ ಆ ಹೀಟರ್ 8.1 ಆಂಪ್ ಎಳೆಯುತ್ತದೆ. 0.36ನ್ನು 8.1ರಿಂದ ಗುಣಿಸಿದರೆ ಸುಮಾರು 3 ವೋಲ್ಟ್. ಉಳಿದ 9 ವೋಲ್ಟ್ ವೈರಿನಲ್ಲಿ ಹೋದದ್ದಲ್ಲ, ಜಾಯಿಂಟುಗಳಲ್ಲಿ ಹೋದದ್ದು. 9ನ್ನು 8.1ರಿಂದ ಗುಣಿಸಿದರೆ 73 ವ್ಯಾಟ್. 25 ವ್ಯಾಟಿನ ಸೋಲ್ಡರಿಂಗ್ ಐರನ್ ಸೀಸವನ್ನೇ ಕರಗಿಸುತ್ತದೆ. ಅಂಥ ಮೂರನ್ನು ಗೋಡೆಯೊಳಗಿನ ಬಾಕ್ಸಿನಲ್ಲಿ ಹೊತ್ತಿಸಿ ಮುಚ್ಚಿಟ್ಟಂತೆ. ಪ್ಲಗ್ ಬಿಸಿಯಾಗದೆ ಇನ್ನೇನಾಗುತ್ತದೆ?

ಹುಡುಕಿದಾಗ ಎರಡು ಕಡೆ ಸಿಕ್ಕಿತು. ಒಂದು ಸಾಕೆಟಿನ ಹಿಂದೆ, ಸ್ಕ್ರೂ ಬುಡದಲ್ಲಿ ಹೊದಿಕೆ ಕಂದಿ, ತಂತಿ ಸಡಿಲ. ಇನ್ನೊಂದು ಹಾಲಿನ ಮೂಲೆಯಲ್ಲಿ ಗಾರೆ ಬಳಿದು ಮುಚ್ಚಿಬಿಟ್ಟಿದ್ದ ಜಂಕ್ಷನ್ ಬಾಕ್ಸಿನೊಳಗೆ. ಅಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರದ ತಂತಿ ತಿರುಚಿ ಟೇಪು ಸುತ್ತಿದ್ದರು. ಬಣ್ಣದ ಮೇಲೆ ದುಂಡಗೆ ಕಂದಿದ ಕಲೆ ಇದ್ದುದರಿಂದ ಬಾಕ್ಸ್ ಪತ್ತೆಯಾಯಿತು. ಹಾಲಿನ ದೀಪದ ಲೂಪ್ ಅದೇ ಜಾಯಿಂಟಿನಿಂದ ಹೊರಟಿತ್ತು. ಇಸ್ತ್ರಿಪೆಟ್ಟಿಗೆ ಹಾಕಿದರೆ ದೀಪ ಮಂಕಾಗುತ್ತಿದ್ದುದು ಅದರಿಂದಲೇ.

ಅಲ್ಯೂಮಿನಿಯಂ ಜಾಯಿಂಟ್ ಹೀಗೇಕೆ ಕೆಡುತ್ತದೆ ಎಂದು ತಿಳಿದಿದ್ದರೆ ತೀರ್ಪು ಸುಲಭ. ಗಾಳಿಗೆ ಬಿದ್ದ ಕೂಡಲೇ ಅದರ ಮೇಲೆ ಆಕ್ಸೈಡ್ ಪದರ ಕಟ್ಟುತ್ತದೆ, ಆ ಪದರದಲ್ಲಿ ಕರೆಂಟ್ ಹರಿಯುವುದಿಲ್ಲ. ಸ್ಕ್ರೂ ಕೆಳಗೆ ಒತ್ತಡದಲ್ಲಿ ಲೋಹ ನಿಧಾನಕ್ಕೆ ಹರಡಿ ಜಾಗ ಬಿಡುತ್ತದೆ. ಬಿಸಿಗೆ ಹಿಗ್ಗುವುದು ತಾಮ್ರಕ್ಕಿಂತ ಹೆಚ್ಚು. ತಾಮ್ರ ತಾಗಿದ ಕಡೆ ತೇವವಿದ್ದರೆ ಕೊರೆಯುತ್ತದೆ. ಮೂರು ನಾಲ್ಕು ಸಲ ಹಿಂದೆ ಮುಂದೆ ಬಗ್ಗಿಸಿದರೆ ಮುರಿಯುತ್ತದೆ. ಹಾಲಿನ ಬೋರ್ಡ್ ಮುಚ್ಚಲು ಹೋದಾಗ ಎರಡು ತುದಿ ಹಾಗೇ ಕೈಗೆ ಬಂದವು. ಸ್ಕ್ರೂ ಬಿಗಿ ಮಾಡಿದರೆ ಒಂದಷ್ಟು ದಿನ ಸರಿಹೋಗುತ್ತದೆ, ಮತ್ತೆ ಅದೇ ಕತೆ. ಗೀಸರ್, ಇಸ್ತ್ರಿ, ಇಂಡಕ್ಷನ್‌ನಂಥ ಲೋಡಿಗೆ ಅಲ್ಯೂಮಿನಿಯಂ ಉಳಿಸಿಕೊಳ್ಳಲೇಬಾರದು. ದೀಪದ ಸರ್ಕ್ಯೂಟಿಗಾದರೆ 6 ಆಂಪಿನ ಎಂಸಿಬಿ ಹಾಕಿ ಕೆಲಕಾಲ ನಡೆಸಬಹುದು, ಎಲ್‌ಇಡಿ ಎಳೆಯುವ ಕರೆಂಟು ಅಷ್ಟು ಕಡಿಮೆ. ಆದರೆ ಪ್ರತಿ ಸಲ ಬೋರ್ಡ್ ಬಿಚ್ಚಿದಾಗಲೂ ತುದಿ ಮುರಿದು ವೈರು ಗಿಡ್ಡವಾಗುತ್ತ ಹೋಗುತ್ತದೆ ಎಂಬುದು ಗೊತ್ತಿರಬೇಕು.

ಮೇಲ್ಮನೆಯಲ್ಲಿ ಇದೇ ಪರೀಕ್ಷೆಗೆ 18 ಮೀಟರ್ ದೂರದ ಸಾಕೆಟ್‌ನಲ್ಲಿ ಬಿದ್ದದ್ದು ಎರಡೂವರೆ ವೋಲ್ಟ್. ತಾಮ್ರದ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ. ಅಲ್ಲಿ ಎರಡು ಸ್ವಿಚ್ಚಿನ ತುದಿಯಲ್ಲಿ ಹೊದಿಕೆ ಸುಟ್ಟಿತ್ತು, ಆದರೆ ನಾಲ್ಕು ಬೆರಳು ಒಳಗೆ ಅದೇ ವೈರು ಮೆತ್ತಗೆ, ಬೆರಳಿಗೆ ಸುತ್ತಿದರೂ ಬಿರುಕು ಬಿಡದೆ ಇತ್ತು. ತುದಿ ಕತ್ತರಿಸಿ ಹೊಸ ಸ್ವಿಚ್ಚಿಗೆ ಕೊಟ್ಟರೆ ಮುಗಿಯಿತು. ತುದಿ ಸುಟ್ಟದ್ದು ಕಂಡ ಮಾತ್ರಕ್ಕೆ ವೈರನ್ನೇ ಕೀಳಬೇಕಿಲ್ಲ.

ಅರ್ಥ್

ಫ್ರಿಜ್ಜಿನ ಸಾಕೆಟ್‌ಗೆ ಮೂರು ತೂತು ಇತ್ತು, ಮೂರನೆಯದರ ಹಿಂದೆ ವೈರೇ ಇರಲಿಲ್ಲ. ಕೆಳಮನೆಯಲ್ಲಿ ಎರಡು ಪವರ್ ಸಾಕೆಟ್‌ಗಳಿಗೆ ಮಾತ್ರ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ ಬಂದಿತ್ತು. ಉಳಿದ ಕಡೆ ಕಬ್ಬಿಣದ ಪೈಪೇ ಅರ್ಥ್ ಎಂದು ಆಗ ನಂಬಿದ್ದರು. ಅರ್ಥ್ ಟರ್ಮಿನಲ್‌ನಿಂದ ಮನೆಯ ಯಾವ ಮೂಲೆಗೆ ನೋಡಿದರೂ 1 ಓಮ್ ಮೀರಬಾರದು. ಇಲ್ಲಿ ಮಲಗುವ ಕೋಣೆಯ ಪೈಪಿಗೆ 40 ಓಮ್ ಬಂತು. ಪೈಪಿನ ಜೋಡಣೆಗಳು ತುಕ್ಕು ಹಿಡಿದು ಬಿಟ್ಟುಕೊಂಡಿವೆ.

ಹಳೇ ಅರ್ಥ್ ಗುಂಡಿ 28 ಓಮ್. ಹೊಸದಾಗಿ ತೋಡಿದ ಗುಂಡಿಯಲ್ಲಿ 40 ಮಿಮೀ, 2.5 ಮೀಟರ್ ಉದ್ದದ ಜಿಐ ಪೈಪು, ಗೋಡೆಯಿಂದ ಒಂದೂವರೆ ಮೀಟರ್ ದೂರ, ಬಚ್ಚಲ ನೀರು ತೇವ ಮಾಡುವ ಕಡೆ. ಈಗ 5 ಓಮ್. ಇಷ್ಟಾದರೂ ಎಂಸಿಬಿ ಒಂದನ್ನೇ ನೆಚ್ಚುವಂತಿಲ್ಲ. ಫೇಸ್ ಗೀಸರಿನ ಮೈಗೆ ತಾಗಿತೆನ್ನಿ: 230ನ್ನು 5ರಿಂದ ಭಾಗಿಸಿದರೆ 46 ಆಂಪ್. 16 ಆಂಪಿನ ಸಿ ಕರ್ವ್ ಎಂಬ ಬಗೆಯ ಎಂಸಿಬಿ ಥಟ್ಟನೆ ಬೀಳಬೇಕಾದರೆ ಅದರ ಐದರಿಂದ ಹತ್ತು ಪಟ್ಟು, ಅಂದರೆ 80ರಿಂದ 160 ಆಂಪ್ ಬೇಕು. 46 ಆಂಪಿಗೆ ಅದು ಬಿಸಿಯಾಗಿ ಬೀಳುವುದಕ್ಕೆ ಹಲವು ಸೆಕೆಂಡು ಹಿಡಿಯುತ್ತದೆ. ಅಷ್ಟೂ ಹೊತ್ತು ಗೀಸರಿನ ಮೈಯಲ್ಲಿ ಕರೆಂಟ್. 30 ಮಿಲಿಆಂಪಿನ ಆರ್‌ಸಿಸಿಬಿ ಅಷ್ಟು ಸೋರಿಕೆಗೇ 0.3 ಸೆಕೆಂಡಿನೊಳಗೆ ಬೀಳಬೇಕು. ಸೋರಿಕೆ ಅದರ ಐದು ಪಟ್ಟಾದರೆ 0.04 ಸೆಕೆಂಡಿನೊಳಗೆ. ವೈರು ಹಳೆಯದಿರಲಿ ಹೊಸದಿರಲಿ, ಮೊದಲು ಹಾಕಬೇಕಾದದ್ದು ಇದನ್ನು. ಇಡೀ ರೀವೈರಿಂಗಿಗೆ ಈಗ ಹಣ ಹೊಂದುವುದಿಲ್ಲ ಎನ್ನುವವರು ಅರ್ಥ್ ಗುಂಡಿ ಮತ್ತು ಆರ್‌ಸಿಸಿಬಿ ಎರಡನ್ನಾದರೂ ಈ ವಾರವೇ ಮಾಡಿಸಿ.

ಪೈಪು ಬಿಡುತ್ತದೆಯೇ?

ಕೆಳಮನೆಯ ವೈರು ಬದಲಾಗಲೇಬೇಕೆಂದು ಇಷ್ಟರಲ್ಲಿ ಗೊತ್ತಾಯಿತು. ಗೋಡೆ ಒಡೆಯಬೇಕೇ ಎಂಬುದು ಬಾಕಿ. ಎರಡೂ ತುದಿ ಬಿಡಿಸಿ, ಒಬ್ಬರು ಒಂದು ತುದಿಯಿಂದ ತಳ್ಳುತ್ತ ಇನ್ನೊಬ್ಬರು ಎಳೆದರೆ ವೈರು ಒಂದು ಗೇಣು ಸರಿದರೆ ಪೈಪು ಬಿಟ್ಟಿದೆ ಎಂದರ್ಥ. ಅಲ್ಯೂಮಿನಿಯಂ ಜೋರಾಗಿ ಎಳೆದರೆ ಒಳಗೇ ತುಂಡಾಗುತ್ತದೆ, ಹಾಗಾಗಿ ಅದಕ್ಕೇ ಹೊಸ ವೈರು ಕಟ್ಟಿ ಎಳೆಯುವ ಆಸೆ ಬೇಡ. ಮೊದಲು ಸ್ಪ್ರಿಂಗ್ ತೂರಿಸಿ, ಅದು ಆಚೆ ಬಂದ ಮೇಲೆ ಹಳೆಯದನ್ನು ತೆಗೆದು, ಹೊಸ ವೈರುಗಳ ತುದಿಯನ್ನು ಮೆಟ್ಟಿಲಿನಂತೆ ಒಂದರ ಹಿಂದೊಂದು ಕಟ್ಟಿ ಟೇಪು ಬಿಗಿದು ಎಳೆಯಬೇಕು. ಜಾರಲು ಟಾಲ್ಕಂ ಪೌಡರ್ ಸಾಕು. ಎಣ್ಣೆ ಪಿವಿಸಿಯನ್ನು ಕೆಡಿಸುತ್ತದೆ, ಸೋಪು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಕಬ್ಬಿಣದ ಪೈಪಿನ ಬಾಯಿ ಚೂಪಾಗಿದ್ದರೆ ಅರದಿಂದ ಉಜ್ಜಿ ಬುಷ್ ಹಾಕದೆ ಎಳೆಯಬಾರದು. ಹೊಸ ವೈರಿನ ಹೊದಿಕೆ ಅಲ್ಲೇ ಸೀಳುತ್ತದೆ.

ಕೆಳಮನೆಯ 11 ಪೈಪುಗಳಲ್ಲಿ 8 ಬಿಟ್ಟವು, 3 ಕಚ್ಚಿಕೊಂಡಿದ್ದವು. ಕಚ್ಚಿಕೊಂಡ ಮೂರಕ್ಕೆ ಬೇರೆ ಬೇರೆ ದಾರಿ. ಹಾಲಿನ ಫ್ಯಾನಿನ ಪೈಪು ಸ್ಲ್ಯಾಬಿನಲ್ಲಿತ್ತು. ಸ್ಲ್ಯಾಬ್ ಯಾವ ಕಾರಣಕ್ಕೂ ಕೊರೆಯಬಾರದು; ಕಂಬಿ ಬಯಲಾದರೆ ತುಕ್ಕು ಹಿಡಿದು ತಾರಸಿಯೇ ಉದುರಲು ಶುರು. ಅದಕ್ಕೆ ಸೀಲಿಂಗಿನ ಮೇಲೆ ಕೇಸಿಂಗ್ ಕ್ಯಾಪಿಂಗ್. ಗೀಸರಿನದಕ್ಕೆ ಗೋಡೆ ಕೊರೆದು 25 ಮಿಮೀ ಪಿವಿಸಿ ಪೈಪು. ಇಟ್ಟಿಗೆ ಗೋಡೆಯಲ್ಲಿ ನೆಟ್ಟಗೆ ಮೇಲಿಂದ ಕೆಳಗೆ ಕೊರೆಯುವುದಾದರೆ ಗೋಡೆ ದಪ್ಪದ ಮೂರನೇ ಒಂದು ಭಾಗ, ಅಡ್ಡಡ್ಡ ಕೊರೆಯುವುದಾದರೆ ಆರನೇ ಒಂದು ಭಾಗದವರೆಗೆ ಮಾತ್ರ. ಒಂಬತ್ತಿಂಚಿನ ಗೋಡೆಯಲ್ಲಿ ಅಡ್ಡ ಗ್ರೂವ್ ಒಂದೂವರೆ ಇಂಚು ಮೀರಬಾರದು. ಮೂರನೆಯದು ಉಪಯೋಗಕ್ಕಿಲ್ಲದ ಪಾಯಿಂಟ್, ಎರಡೂ ತುದಿ ಬಿಡಿಸಿ ಮುಚ್ಚಿದ್ದಾಯಿತು.

ಹಾಕಿದ್ದು

ಕೆಳಮನೆ ಮತ್ತು ಹಿಂದಿನ ಅಡುಗೆಮನೆಗೆ 90 ಮೀಟರಿನ ಕಾಯಿಲ್ ಲೆಕ್ಕದಲ್ಲಿ: 1.5 ಚದರ ಮಿಮೀ ಆರು (ಕೆಂಪು ಎರಡು, ಕಪ್ಪು ಎರಡು, ಸ್ವಿಚ್ಚಿನಿಂದ ಪಾಯಿಂಟಿಗೆ ಹಳದಿ ಒಂದು, ಹಸಿರು ಒಂದು), 2.5ರದು ಕೆಂಪು, ಕಪ್ಪು, ಹಸಿರು ಒಂದೊಂದು. 4ರದು ಹಾಗೇ ಒಂದೊಂದು. ವೈರಿನ ಭಾರತೀಯ ಮಾನದಂಡವಾದ ಐಎಸ್ 694ರ ಗುರುತು ಮಾತ್ರ ನೋಡಿದರೆ ಸಾಲದು, ನಕಲಿಯ ಮೇಲೂ ಅದು ಅಚ್ಚಾಗಿರುತ್ತದೆ. ಕಾಯಿಲ್ ಬಿಚ್ಚುವ ಮುಂಚೆ ಎರಡು ತುದಿಗೆ ಮೀಟರ್ ಹಿಡಿಯಿರಿ: 1.5ರದು ಸುಮಾರು 1.2 ಓಮ್, 2.5ರದು ಸುಮಾರು 0.7 ಓಮ್ ಬರಬೇಕು, ಮೀಟರಿನ ಲೀಡುಗಳದ್ದನ್ನು ಕಳೆದು. 1.5ರದು 1.6 ತೋರಿಸಿದರೆ ತಾಮ್ರ ಕದ್ದಿದ್ದಾರೆ. ತೂಕದಲ್ಲೂ ತಿಳಿಯುತ್ತದೆ: 2.5ರ ಕಾಯಿಲಿನಲ್ಲಿ ತಾಮ್ರವೇ 2 ಕೆಜಿ ಇರಬೇಕು.

ಡಿಬಿಯಲ್ಲಿ ಮೊದಲಿಗೆ 32 ಆಂಪಿನ ಡಬಲ್ ಪೋಲ್ (ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ) ಎಂಸಿಬಿ, ಅದರ ಹಿಂದೆ 40 ಆಂಪ್, 30 ಮಿಲಿಆಂಪಿನ ಎರಡು ಆರ್‌ಸಿಸಿಬಿ, ಕೆಳಮನೆಗೊಂದು ಮೇಲ್ಮನೆಗೊಂದು. ಒಂದೇ ಹಾಕಿದರೆ ಕೆಳಗಿನ ಮಿಕ್ಸಿ ಕೆಟ್ಟಾಗ ಮೇಲ್ಮನೆಯೂ ಕತ್ತಲೆ. ಎಂಸಿಬಿ ಕಾಯುವುದು ವೈರನ್ನು, ಉಪಕರಣವನ್ನಲ್ಲ: 1.5ಕ್ಕೆ 6 ಅಥವಾ 10 ಆಂಪ್, 2.5ಕ್ಕೆ 16, 4ಕ್ಕೆ 20. ಪದೇ ಪದೇ ಬೀಳುತ್ತದೆಂದು 1.5ರ ವೈರಿಗೆ 16 ಹಾಕಿದರೆ ಹಳೇ ಕಿಟ್‌ಕ್ಯಾಟ್‌ಗೆ ದಪ್ಪ ತಂತಿ ಸುತ್ತಿದ್ದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಮಂಜೂರಾದ ಲೋಡ್ 3 ಕಿಲೋವ್ಯಾಟ್ ಇತ್ತು. ಗೀಸರ್ 2, ಇಂಡಕ್ಷನ್ 2 ಸೇರಿದರೆ ಅಲ್ಲಿಗೇ ಮೀರುತ್ತದೆ. ಕಂಟ್ರಾಕ್ಟರ್ ಮೂಲಕ ಹೆಚ್ಚುವರಿ ಲೋಡಿಗೆ ಅರ್ಜಿ ಹಾಕಿ 5 ಮಾಡಿಸಿದ್ದಾಯಿತು.

ಆರ್‌ಸಿಸಿಬಿ ಹಾಕಿದ ಮೇಲೆ ಬೀಳುತ್ತಿತ್ತು

ಎಲ್ಲಾ ಮುಗಿಸಿ ಕರೆಂಟ್ ಕೊಟ್ಟಾಗ ಮೆಟ್ಟಿಲಿನ ದೀಪ ಹಾಕಿದರೆ ಸಾಕು, ಎರಡೂ ಆರ್‌ಸಿಸಿಬಿ ಬೀಳುತ್ತಿದ್ದವು. ಮೆಗ್ಗರ್ ಚೆನ್ನಾಗಿಯೇ ತೋರಿಸುತ್ತಿತ್ತು. ಕಾರಣ ಎರವಲು ನ್ಯೂಟ್ರಲ್. ಮೆಟ್ಟಿಲಿನ ಟೂ-ವೇ ದೀಪಕ್ಕೆ ಫೇಸ್ ಕೆಳಮನೆಯಿಂದ, ನ್ಯೂಟ್ರಲ್ ಮೇಲ್ಮನೆಯಿಂದ ಬಂದಿತ್ತು. ಆರ್‌ಸಿಸಿಬಿ ಹೋದ ಕರೆಂಟ್ ಅಷ್ಟೇ ವಾಪಸ್ ಬಂತೇ ಎಂದು ನೋಡುತ್ತದೆ. ಹೋದದ್ದು ಒಂದರಿಂದ, ಬಂದದ್ದು ಇನ್ನೊಂದರಿಂದ ಆದರೆ ಎರಡಕ್ಕೂ ಅದು ಸೋರಿಕೆಯೇ. 9 ವ್ಯಾಟಿನ ಬಲ್ಬೂ ಸುಮಾರು 40 ಮಿಲಿಆಂಪ್ ಎಳೆಯುತ್ತದೆ, ಬೀಳಲು ಅಷ್ಟು ಸಾಕು. ಮೆಟ್ಟಿಲಿಗೆ ಕೆಳಮನೆಯದೇ ನ್ಯೂಟ್ರಲ್ ಎಳೆದ ಮೇಲೆ ನಿಂತಿತು. ಇನ್ವರ್ಟರ್ ಇರುವ ಮನೆಗಳಲ್ಲೂ ಇದೇ ತೊಂದರೆ ಬರುತ್ತದೆ: ಇನ್ವರ್ಟರ್ ದೀಪಗಳ ಫೇಸ್ ಬೇರೆ, ನ್ಯೂಟ್ರಲ್ ಮಾತ್ರ ಎಲ್ಲದರ ಜೊತೆ ಒಂದೇ ಲಿಂಕಿನಲ್ಲಿ. ಇಂಥ ಹೊತ್ತಿನಲ್ಲಿ ಆರ್‌ಸಿಸಿಬಿಯನ್ನೇ ತೆಗೆದುಹಾಕಿ ಹೋಗುವವರಿದ್ದಾರೆ, ಬಿಡಬೇಡಿ. ನ್ಯೂಟ್ರಲ್ ಬೇರ್ಪಡಿಸಿಸಿ.

ಇನ್ನೊಂದು: ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದರೆ ಬಿದ್ದಿತೆಂದು ಅರ್ಥಿಂಗ್ ಸರಿಯಿದೆ ಎಂದುಕೊಳ್ಳಬಾರದು. ಆ ಬಟನ್ ತನ್ನೊಳಗಿನ ರೆಸಿಸ್ಟರ್ ಮೂಲಕ ನಕಲಿ ಸೋರಿಕೆ ಹುಟ್ಟಿಸುತ್ತದೆ, ಮನೆಗೆ ಅರ್ಥ್ ಇಲ್ಲದಿದ್ದರೂ ಬೀಳುತ್ತದೆ. ಅರ್ಥ್ ನೋಡಬೇಕಾದರೆ ಪ್ರತಿ ಸಾಕೆಟ್‌ನಲ್ಲಿ ಫೇಸ್ ಮತ್ತು ಅರ್ಥ್ ತೂತಿನ ನಡುವೆ ಆರ್‌ಸಿಸಿಬಿ ಟೆಸ್ಟರ್ ಹಾಕಿಸಿ ಬೀಳುತ್ತದೆಯೇ ನೋಡಬೇಕು. ಇಲ್ಲಿ ಎಲ್ಲಾ ಸಾಕೆಟ್‌ಗಳಲ್ಲೂ ಬಿತ್ತು. ಫ್ರಿಜ್ ಬಾಗಿಲ ಜುಮ್ಮೆನ್ನುವುದೂ ನಿಂತಿತು. ಗೀಸರ್ ಪಾಯಿಂಟಿನಲ್ಲಿ 2000 ವ್ಯಾಟ್ ಹಾಕಿ ಒಂದು ಗಂಟೆ ಬಿಟ್ಟು ನೋಡಿದಾಗ ಬಿದ್ದ ವೋಲ್ಟೇಜ್ ಒಂದೂವರೆ. ಪ್ಲಗ್ ಉಗುರುಬೆಚ್ಚಗೂ ಇರಲಿಲ್ಲ.

ಮೇಲ್ಮನೆಯ ವೈರು ಹಾಗೇ ಉಳಿಯಿತು. ಅಲ್ಲಿ ಬದಲಾದದ್ದು ಎರಡು ಸ್ವಿಚ್, ಒಂದು ಸಾಕೆಟ್, ಮತ್ತು ದೀಪದ ಸರ್ಕ್ಯೂಟಿನಲ್ಲಿ ಇಲ್ಲದಿದ್ದ ಅರ್ಥ್ ವೈರು, ಪೈಪಿನಲ್ಲಿ ಜಾಗವಿದ್ದುದರಿಂದ ಸುಲಭವಾಗಿ ಹೋಯಿತು. ಡಿಬಿಯ ಬಾಗಿಲ ಒಳಗೆ ಅಂಟಿಸಿದ ಕಾಗದದಲ್ಲಿ ಪ್ರತಿ ಸರ್ಕ್ಯೂಟಿನ ಹೆಸರು, ವೈರಿನ ಅಳತೆ, ಈ ಸಲದ ಮೆಗ್ಗರ್ ಅಂಕಿ ಬರೆದಿದೆ. ಎಂಸಿಬಿಯ ಸ್ಕ್ರೂಗಳನ್ನು ಒಂದು ತಿಂಗಳಾದ ಮೇಲೆ ಮೈನ್ ಇಳಿಸಿ ಮತ್ತೊಮ್ಮೆ ಬಿಗಿ ಮಾಡಬೇಕು, ಹೊಸ ಮಲ್ಟಿಸ್ಟ್ರಾಂಡ್ ವೈರು ಸ್ಕ್ರೂ ಕೆಳಗೆ ಕೂತ ಮೇಲೆ ಸ್ವಲ್ಪ ಸಡಿಲವಾಗುತ್ತದೆ. ಮೇಲಿನ ದೀಪದ 150 ಮೆಗಾಓಮನ್ನು ಇನ್ನು ಮೂರು ವರ್ಷಕ್ಕೆ, ಮತ್ತೆ ಮಳೆಗಾಲದಲ್ಲೇ ನೋಡಬೇಕು. 100 ಬಂದರೆ ಚಿಂತೆಯಿಲ್ಲ. 10ಕ್ಕೆ ಇಳಿದಿದ್ದರೆ ಅರ್ಧರ್ಧ ಮಾಡಿ ಹುಡುಕುವುದು, ಯಾವ ಅರ್ಧ ನೋಡಿದರೂ ಕಡಿಮೆಯೇ ಬಂದರೆ ಆಗ ಮೇಲ್ಮನೆಗೂ ಹೊಸ ವೈರು, ಇರುವ ಪೈಪಿನಲ್ಲೇ.